ಮೂರನೆಯ ಕೈ

ಈ ಪುಟಕ್ಕೆ ವಿಷಯವನ್ನು ಹುಡುಕಿಕೊಂಡು ನಾವು ಹೊರಟುದಕ್ಕಿಂತ ವಿಷಯವೇ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತುದು ಹೆಚ್ಚು ಎಂಬುದನ್ನು ಹಳೆಯ ವಾಚಕರು ಬಲ್ಲರು. ಈ ಸಲವಂತೂ ಅದು ಟೆಂಪೋದ ಮೇಲೆ ಹಗ್ಗ ಬಿಗಿಸಿಕೊಂಡು ಬಂದಿತು. ಇಚಲಕರಂಜಿಯಿಂದ ಕಾಗಲ, ಕಾಗಲದಿಂದ ಗಡಿ ದಾಟಿ ನಿಪ್ಪಾಣಿ, ನಿಪ್ಪಾಣಿಯಿಂದ ಮತ್ತೆ ಗಡಿ ದಾಟಿ ಗಡಹಿಂಗ್ಲಜ. ಹೀಗೆ ಎರಡು ರಾಜ್ಯಗಳ ಧೂಳನ್ನು ಮೈಗೆ ಹಚ್ಚಿಕೊಂಡು ನಮ್ಮ ಅಂಗಳದಲ್ಲಿ ಇಳಿದ ಆ ಹಳದಿ ಬಣ್ಣದ ವಸ್ತುವನ್ನು ಕಂಡು ನೆರೆಮನೆಯ ಮಕ್ಕಳು ಅದನ್ನು ನೀರಿನ ಟಾಕಿ ಎಂದೇ ತಿಳಿದರು. ಮಕ್ಕಳ ಮಾತು ಪೂರ್ತಿ ತಪ್ಪಾಗಿರಲಿಲ್ಲ. ಮಾಳಿಗೆಯ ಮೇಲಿನ ಟಾಕಿಯನ್ನು ಯಾವ ಪ್ಲಾಸ್ಟಿಕ್ಕಿನಿಂದ, ಯಾವ ರೀತಿಯಲ್ಲಿ ಎರಕ ಹೊಯ್ಯುತ್ತಾರೋ ಅದೇ ಪಾಲಿಎಥಿಲೀನಿನಿಂದ, ಅದೇ ರೀತಿಯಲ್ಲಿ ಮಾಡಿದ ಹತ್ತು ಅಡಿ ಉದ್ದದ ಒಬ್ಬರೇ ಕೂಡುವ ದೋಣಿ ಅದು. ಅದರ ಹೆಸರು ಕಯಾಕ್.

ತಂದವನು ನಮ್ಮ ಅಕ್ಕನ ಮಗ. ಇಚಲಕರಂಜಿಯಲ್ಲಿ ಭಾವನವರಿಗೆ ನಾಲ್ಕಾರು ವಿದ್ಯುತ್ ಮಗ್ಗಗಳಿವೆ. ಆ ಊರಿನಲ್ಲಿ ಮೊದಲನೆಯ ಯಂತ್ರಮಗ್ಗ ಕೂಡಿದ್ದು 1904ರಲ್ಲಿ. ಅಲ್ಲಿಂದೀಚೆಗೆ ಊರಿನ ಮಕ್ಕಳ ಕಿವಿಗೆ ಜೋಗುಳಕ್ಕಿಂತ ಮೊದಲು ಲಾಳಿಯ ಸದ್ದು ಬೀಳುತ್ತದೆ. ನಮ್ಮ ಅಳಿಯನೂ ಹಾಗೆಯೇ ಬೆಳೆದವನು. ಪಾನಾ, ಇಕ್ಕಳಗಳಿಲ್ಲದೆ ಅವನ ಕೈ ಸುಮ್ಮನಿರದು. ಆದರೆ ನಾಲ್ಕೈದು ವರ್ಷಗಳಿಂದ ಅವನ ಮನಸ್ಸು ಮಗ್ಗವನ್ನು ಬಿಟ್ಟು ನೀರಿನ ಕಡೆಗೆ ತಿರುಗಿತ್ತು. ಹಣ ಕೂಡಿಸಿ ದೋಣಿಯನ್ನು ಕೊಂಡ. ಗಾಳದ ಕೋಲು, ಅದಕ್ಕೊಂದು ರೀಲು ಕೊಂಡ. ಈಗ ಬಂದದ್ದು, ಆ ಕೋಲನ್ನು ದೋಣಿಯಲ್ಲಿ ನಿಲ್ಲಿಸುವ ಒಂದು ಹಿಡಿಕೆಯನ್ನು ಕೂಡಿಸುವುದಕ್ಕೆ. ಕೂಡಿಸಿ, ನಮ್ಮ ಹಿರಣ್ಯಕೇಶಿಯಲ್ಲಿ ಪರೀಕ್ಷಿಸುವುದಕ್ಕೆ. ತನ್ನ ಊರಿನ ಪಂಚಗಂಗೆ ಇರುವಾಗ ಇಲ್ಲಿಯವರೆಗೆ ಏಕೆ ಬಂದನೆಂದು ಇಚಲಕರಂಜಿಯ ವಾಚಕರು ಕೇಳಲಾರರು. ಕಾಸಾರಿ, ಕುಂಭಿ, ತುಳಸಿ, ಭೋಗಾವತಿಗಳು ಪ್ರಯಾಗ ಚಿಖಲಿಯಲ್ಲಿ ಕೂಡಿ ಹೊರಡುವ ಆ ನದಿ ಊರುಗಳ, ಕಾರಖಾನೆಗಳ ಕೊಳೆಯನ್ನೆಲ್ಲ ಹೊತ್ತು ಬೇಸಿಗೆಯಲ್ಲಿ ಯಾವ ಬಣ್ಣದಲ್ಲಿ ನರಸೋಬಾ ವಾಡಿಗೆ ಹೋಗಿ ಕೃಷ್ಣೆಯನ್ನು ಸೇರುತ್ತದೆಂಬುದನ್ನು ಅವರೇ ನಮಗಿಂತ ಹೆಚ್ಚು ಬಲ್ಲರು. ಸತ್ತ ಮೀನುಗಳು ದಂಡೆಗೆ ಬಂದು ಬೀಳುವುದನ್ನು ಅವರು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದಾರೆ. ಜಲಪರ್ಣಿ ಹಬ್ಬಿದಲ್ಲಿ ದೋಣಿಯೂ ನಡೆಯದು.

ಹಿಡಿಕೆಯ ಮಾತು ಎತ್ತಿದವಳು ಮಾತ್ರ ಅಳಿಯನಲ್ಲ, ಅಕ್ಕ.

ಅದಕ್ಕೊಂದು ಕಾರಣವಿದೆ. 2019ರ ಆಗಸ್ಟ್ ತಿಂಗಳ ಮಹಾಪೂರವನ್ನು ಕೊಲ್ಲಾಪುರ ಜಿಲ್ಲೆಯ ಯಾವ ಮನೆಯೂ ಮರೆತಿಲ್ಲ. ಕಸಬಾ ಬಾವಡಾದ ರಾಜಾರಾಮ ಬಂಧಾರದಲ್ಲಿ ಪಂಚಗಂಗೆ 39 ಅಡಿ ಏರಿದರೆ ಎಚ್ಚರಿಕೆ, 43 ಅಡಿ ಏರಿದರೆ ಅಪಾಯ ಎಂಬುದು ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ಆ ಸಲ ನೀರು 55 ಅಡಿಯನ್ನೂ ಮೀರಿತ್ತು. ಅಕ್ಕನ ಮನೆ ತಗ್ಗಿನಲ್ಲಿದೆ. ಮಗ್ಗದ ಮನೆಯಲ್ಲಿ ಬೀಮುಗಳು ಮುಳುಗಿದ ಮೇಲೆ ರಾತ್ರಿ ಗಾಳಿ ತುಂಬಿದ ದೋಣಿಯೊಂದು ಬಂದು ಮನೆಯವರನ್ನು ಮಾಳಿಗೆಯಿಂದ ಇಳಿಸಿಕೊಂಡಿತು. ಅಕ್ಕನ ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ದೋಣಿಯ ಅಂಚಿನ ಹಗ್ಗ. ಮಗ್ಗುಲಲ್ಲಿ ಕುಳಿತಿದ್ದ ಅತ್ತೆಯವರು ದೋಣಿ ಹೊರಳಿದಾಗ ನೀರಿನತ್ತ ಜಾರಿದರು. ಹಿಡಿಯಲು ಅಕ್ಕನಿಗೆ ಕೈ ಇರಲಿಲ್ಲ. ಹಿಂದೆ ಕುಳಿತವರಾರೋ ಅವರನ್ನು ಸೆರಗು ಹಿಡಿದು ಎಳೆದುಕೊಂಡರು, ಏನೂ ಆಗಲಿಲ್ಲ. ಆದರೆ ಅದೇ ದಿನಗಳಲ್ಲಿ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹಲವರು ತೀರಿಕೊಂಡ ಸುದ್ದಿ ಬಂದಿತು. ಅಂದಿನಿಂದ ಅಕ್ಕನಿಗೆ ದೋಣಿಯ ಹೆಸರೆತ್ತಿದರೆ ಆ ಗಂಟೇ ಕಣ್ಣ ಮುಂದೆ ಬರುತ್ತದೆ. ವಿಚಿತ್ರವೆಂದರೆ ಮಗನಿಗೆ ನೀರಿನ ಹುಚ್ಚು ಹಿಡಿದದ್ದೂ ಅದೇ ರಾತ್ರಿಯಿಂದ.

ಕಯಾಕಿನಲ್ಲಿ ಕುಳಿತು ಗಾಳ ಹಾಕುತ್ತೇನೆಂದು ಅವನು ಹೇಳಿದಾಗ ಅಕ್ಕ ಬೇಡವೆನ್ನಲಿಲ್ಲವಂತೆ. ನಮಗೆ ಫೋನು ಮಾಡಿ ಒಂದೇ ಮಾತು ಕೇಳಿದಳು: “ತಮ್ಮಾ, ಒಂದ ಕೈಯಾಗ ಗಾಳ, ಒಂದ ಕೈಯಾಗ ಹುಟ್ಟು. ಇವ ಜೀವಾ ಯಾವ ಕೈಯಾಗ ಹಿಡೀತಾನ?”

ಕಯಾಕನ್ನು ಕಾಣದ ಅಕ್ಕ ಲೆಕ್ಕವನ್ನು ಸ್ವಲ್ಪ ಕಡಿಮೆಯೇ ಹೇಳಿದ್ದಳು. ಅದರ ಹುಟ್ಟಿಗೆ ಎರಡೂ ತುದಿಗಳಲ್ಲಿ ಅಲಗು. ನಡುವನ್ನು ಎರಡು ಕೈಗಳಲ್ಲಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅದ್ದಬೇಕು. ಒಂದು ಕೈ ಬಿಟ್ಟರೆ ದೋಣಿಗೆ ಯಜಮಾನನಿಲ್ಲ. ಗಾಳದ ಕೋಲು ಕೈಗೆ ಬಂದ ಕ್ಷಣದಲ್ಲಿ ದೋಣಿ ಗಾಳಿಯ ಪಾಲು, ಸೆಳವಿನ ಪಾಲು.

ನಮ್ಮ ನಾಡಿನ ಹಳೆಯ ದೋಣಿಗಳಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ದೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಕಂಡ ದೋಣಿಗಳು ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಮಾತ್ರವಲ್ಲ, ಕುದುರೆ ಎತ್ತುಗಳೂ ಅದರಲ್ಲಿ ದಾಟುತ್ತಿದ್ದುವು. ಅದೇ ನಮ್ಮ ಹರಿಗೋಲು. ಹರಿಗೋಲೂ ಸಿಕ್ಕದಾಗ ನಮ್ಮ ಕಬ್ಬಿನ ಸೀಮೆಯವರು ಬೆಲ್ಲ ಕಾಸುವ ಕೊಪ್ಪರಿಗೆಯನ್ನೇ ಹೊಳೆಗೆ ಇಳಿಸಿದ್ದುಂಟು. ಮರಾಠಿಯವರು ಕಾಹಿಲ ಎನ್ನುವುದು ಇದನ್ನೇ. ಅದನ್ನು ಕಂಡವರು ಈಗಲೂ ನಮ್ಮ ವಾಚಕರಲ್ಲಿ ಇರಬೇಕು. ಇವುಗಳಲ್ಲೆಲ್ಲ ಅಂಬಿಗನೊಬ್ಬ, ಸವಾರನೊಬ್ಬ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲನು ಇಂಡಿಯಾದ ಗಾಳದ ಬೇಟೆಯ ಬಗೆಗೆ 1873ರಲ್ಲಿ ದೊಡ್ಡದೊಂದು ಗ್ರಂಥವನ್ನೇ ಬರೆದನು. ಮುಂದೆ ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಶೀರ್ ಮೀನನ್ನು ಹಿಡಿದು ತೂಗಿ ಮತ್ತೆ ನೀರಿಗೇ ಬಿಡುವ ಶಿಬಿರಗಳು ಬಹಳ ವರ್ಷ ನಡೆದುವು. ಅಲ್ಲಿಯೂ ಕೋಲು ಅತಿಥಿಯ ಕೈಯಲ್ಲಿ, ಹರಿಗೋಲು ಅಂಬಿಗನ ಕೈಯಲ್ಲಿ. ಒಬ್ಬನ ಮೋಜಿಗೆ ಇನ್ನೊಬ್ಬನ ಎರಡು ಕೈ.

ಕಯಾಕಿನಲ್ಲಿ ಅಂಬಿಗನಿಗೆ ಜಾಗವಿಲ್ಲ. ಉತ್ತರ ಧ್ರುವದ ಕಡೆಯ ಇನೂಯಿಟ್ ಜನರು ಸೀಲ್ ಎಂಬ ಕಡಲ ಪ್ರಾಣಿಯ ಚರ್ಮವನ್ನು ಹಂದರಕ್ಕೆ ಬಿಗಿದು ಮಾಡಿಕೊಂಡ ಬೇಟೆಯ ದೋಣಿ ಅದು. ಒಬ್ಬನೇ ಹೋಗಬೇಕು, ಒಬ್ಬನೇ ಬರಬೇಕು. ಹಿಮದಂಥ ನೀರಿನಲ್ಲಿ ಹುಟ್ಟು ಕೈಜಾರಿದರೆ ಬೇಟೆಗಾರ ಮನೆಗೆ ಬರಲಾರ. ಆದುದರಿಂದಲೇ ಅವರು ದೋಣಿಯ ಮೇಲ್ಮೈಯಲ್ಲಿ ಅಡ್ಡಡ್ಡಲಾಗಿ ಚರ್ಮದ ಪಟ್ಟಿಗಳನ್ನು ಬಿಗಿದು ಈಟಿಯನ್ನು ಅದರಡಿ ಸಿಕ್ಕಿಸುತ್ತಿದ್ದರು. ಈಟಿಯ ಹಗ್ಗದ ಸುರುಳಿಗೆ ಮುಂದುಗಡೆ ಪುಟ್ಟ ಮಣೆಯೊಂದನ್ನು ನಿಲ್ಲಿಸುತ್ತಿದ್ದರು. ನಮ್ಮ ಅಳಿಯ ಚೀಲದಿಂದ ತೆಗೆದು ತೋರಿಸಿದ ಕರಿಯ ಪ್ಲಾಸ್ಟಿಕ್ಕಿನ ಹಿಡಿಕೆ ಆ ಪಟ್ಟಿಯ ಮೊಮ್ಮಗ. ಒಂದು ಗೇಣಿನ ಕೊಳವೆ, ಕೆಳಗೆ ಚೌಕನೆಯ ಪಾದ, ಪಾದಕ್ಕೆ ನಾಲ್ಕು ತೂತು. ಬೆಲೆ ಹೆಚ್ಚಿಲ್ಲ. ಅದನ್ನು ಕೂಡಿಸುವುದರಲ್ಲಿ ಏನಿದೆ ಎಂದು ನಾವು ತಿಳಿದೆವು.

ಇಲ್ಲಿಂದ ಮುಂದಿನದು ನಮ್ಮ ತಪ್ಪಿನ ಕಥೆ. ಅಳಿಯನ ಮೇಲೆ ಹಾಕುವ ಹಾಗಿಲ್ಲ.

ಅವನು ಕೇಳಿದ್ದ: “ಮಾಮಾ, ಮದಲ ನಾ ಒಳಗ ಕುಂತು ನೋಡ್ಲ್ಯಾ?” ನಾವು, ಮನೆಯ ಬಾಗಿಲು ಕಿಟಕಿಗಳಿಗೆ ಕೊಂಡಿ ಕೂಡಿಸಿ ಹಣ್ಣಾದವರು, ನಕ್ಕೆವು. ಎರಡು ಸ್ಟೂಲುಗಳ ಮೇಲೆ ದೋಣಿಯನ್ನು ಮಲಗಿಸಿ, ಆಸನದ ಬಲಮಗ್ಗುಲಲ್ಲಿ ಸಪಾಟಾದ ಜಾಗವೊಂದನ್ನು ಕಂಡು, “ಇಲ್ಲೇ ಚಂದ” ಎಂದು ತೀರ್ಪು ಕೊಟ್ಟೆವು. ಹಿಡಿಕೆಯ ಜೊತೆಗೆ ಬಂದ ತಿರುಪುಮೊಳೆಗಳು ಗಿಡ್ಡವೆನಿಸಿ, ನಮ್ಮ ಡಬ್ಬಿಯಿಂದ ಎರಡಂಗುಲದವನ್ನು ಆರಿಸಿದೆವು. ಮರಕ್ಕೆ ತಿರುಪು ಎಷ್ಟು ಉದ್ದವೋ ಅಷ್ಟು ಹಿಡಿತ ಎಂಬುದು ನಮ್ಮ ಜನ್ಮದ ಅನುಭವ. ಅದು ಮರವಲ್ಲ ಎಂಬುದು ಹೊಳೆಯಲಿಲ್ಲ. ಪ್ಲಾಸ್ಟಿಕ್ಕಿನ ತೊಗಲು ಕೆಲವೇ ಮಿಲಿಮೀಟರ್ ದಪ್ಪ. ಅದರಾಚೆ ಬರಿಯ ಟೊಳ್ಳು. ತೊಗಲಿನಲ್ಲಿ ಹಿಡಿಯುವ ಮೂರು ಸುತ್ತನ್ನು ಬಿಟ್ಟರೆ ಉಳಿದ ಉದ್ದವೆಲ್ಲ ವ್ಯರ್ಥ. ವ್ಯರ್ಥವಾದರೂ ಚಿಂತೆಯಿರಲಿಲ್ಲ, ಅದು ಅಪಾಯವೂ ಆಯಿತು.

ಅದು ಹೇಗೆಂಬುದನ್ನು ತಿಳಿಯಲು ಈ ದೋಣಿಯ ಒಳಮೈಯನ್ನು ಅರಿಯಬೇಕು. ಮೇಲೆ ಕೂಡುವ ತರಹದ ಕಯಾಕಿಗೆ ಮೇಲ್ಮೈಯೂ ತಳವೂ ಕೂಡಿ ಮುಚ್ಚಿದ ಸಂದೂಕದಂತಿರುತ್ತವೆ. ನಡುವಿನ ಗಾಳಿಯೇ ಅದನ್ನು ತೇಲಿಸುವುದು. ಮೇಲ್ಮೈಗೆ ಚಿಮ್ಮಿದ ನೀರು ಹರಿದುಹೋಗಲೆಂದು ಮೇಲಿನಿಂದ ತಳದವರೆಗೆ ಆರಪಾರ ಕೊಳವೆಗಳನ್ನು ಎರಕದಲ್ಲಿಯೇ ಬಿಟ್ಟಿರುತ್ತಾರೆ. ದೋಣಿ ನೀರಿನಲ್ಲಿರುವಾಗ ಈ ಕೊಳವೆಗಳ ಕೆಳಭಾಗದಲ್ಲಿ ಸದಾ ನೀರಿರುತ್ತದೆ. ಕೊಳವೆಯ ಗೋಡೆ ಗಟ್ಟಿಯಿರುವವರೆಗೆ ಆ ನೀರು ಟೊಳ್ಳಿಗೆ ಬಾರದು. ನಮ್ಮ ಎರಡಂಗುಲದ ತಿರುಪುಗಳಲ್ಲಿ ಒಂದು ಓರೆಯಾಗಿ ಇಳಿದು ಆಸನದ ಮಗ್ಗುಲಿನ ಕೊಳವೆಯ ಗೋಡೆಯನ್ನೇ ಚುಚ್ಚಿತ್ತು. ಹೊರಗಿನಿಂದ ಏನೂ ಕಾಣದು. ಸಾಲದುದಕ್ಕೆ ಸುತ್ತಲೂ ಮೇಣದಂಥ ಅಂಟನ್ನು ಮೆತ್ತಿ, ಅಂದವಾಗಿ ಒರಸಿ, ಚಹಾ ಕುಡಿದೆವು.

ಮರುದಿನ ಬೆಳಿಗ್ಗೆ ಹೊಳೆಗೆ ಹೋದೆವು. ಹಿರಣ್ಯಕೇಶಿ ಅಂಬೋಲಿಯ ಘಟ್ಟದಲ್ಲಿ ಹುಟ್ಟಿ, ಆಜರೆಯ ಮೇಲಿಂದ ನಮ್ಮೂರಿಗೆ ಬಂದು, ಮುಂದೆ ಸಂಕೇಶ್ವರವನ್ನು ಕಂಡು ಘಟಪ್ರಭೆಯನ್ನು ಕೂಡುವವಳು. ಅವಳ ಮೂಲದ ದೇವಸ್ಥಾನದ ಕೊಳದಲ್ಲಿಯೇ ಹಿಂದೆ ಯಾರೂ ಗುರುತಿಸದ ಪುಟ್ಟ ಮೀನಿನ ಜಾತಿಯೊಂದು ದೊರೆತು, 2020ರಲ್ಲಿ ಶಾಸ್ತ್ರಜ್ಞರು ಅದಕ್ಕೆ ನದಿಯ ಹೆಸರನ್ನೇ ಸೇರಿಸಿ ಸಿಸ್ಟುರಾ ಹಿರಣ್ಯಕೇಶಿ ಎಂದು ಕರೆದರು. ಮರುವರ್ಷ ಆ ಜಾಗವನ್ನು ಜೀವವೈವಿಧ್ಯದ ಪರಂಪರೆಯ ತಾಣವೆಂದು ಸರಕಾರ ಸಾರಿತು. ನಮ್ಮೂರ ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಹೊಳೆಗೆ ಇಷ್ಟು ದೊಡ್ಡ ಮಾನ ಬಂದುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಕೊಲ್ಲಾಪುರ ಮಾದರಿಯ ಬಂಧಾರಗಳ ಕಂಬಗಳ ನಡುವಿನ ಗಾಡಿಗಳಲ್ಲಿ ಬರಗೆಗಳನ್ನು ಇಳಿಸುತ್ತಾರೆ. ಮುಂಗಾರಿಗೆ ಮುನ್ನ ಮತ್ತೆ ಎತ್ತುತ್ತಾರೆ. ಬರಗೆ ಇಳಿಸಿದ ತಿಂಗಳುಗಳಲ್ಲಿ ಹಿಂದಿನ ನೀರು ಕೆರೆಯಂತೆ ನಿಲ್ಲುತ್ತದೆ. ಕಲಿಯುವವನಿಗೆ ಅದೇ ಯೋಗ್ಯ ನೀರು. ಆದರೆ ಬಂಧಾರದ ಗೋಡೆಯ ಬಳಿ ದೋಣಿ ಒಯ್ಯಬಾರದು. ಮೇಲೆ ಶಾಂತವಾಗಿ ಕಾಣುವ ನೀರು ಬರಗೆಗಳ ಸಂದಿನಲ್ಲಿ ಬಲವಾಗಿ ಸೆಳೆಯುತ್ತಿರುತ್ತದೆ. ನೀರಿನ ಮೀನೂ ಹೇಳುವವರು ಕೇಳುವವರಿಲ್ಲದ್ದಲ್ಲ. ಅನೇಕ ಕೆರೆ ಜಲಾಶಯಗಳ ಮೀನುಗಾರಿಕೆಯ ಹಕ್ಕು ಮೀನುಗಾರರ ಸಹಕಾರಿ ಸಂಘಗಳಿಗೆ ಹೋಗಿರುತ್ತದೆ. ಹವ್ಯಾಸಕ್ಕೆ ಗಾಳ ಹಾಕುವವರು ಮೊದಲು ವಿಚಾರಿಸಿಕೊಳ್ಳುವುದು ಮರ್ಯಾದೆ. ನಾವು ವಿಚಾರಿಸಿದ್ದು ದಂಡೆಯಲ್ಲಿ ಬಲೆ ಹೆಣೆಯುತ್ತ ಕುಳಿತಿದ್ದ ಹಿರಿಯ ಮೀನುಗಾರರೊಬ್ಬರನ್ನು. ಅವರ ದೋಣಿಯೆಂದರೆ ಲಾರಿಯ ಗಾಲಿಯೊಳಗಿನ ಗಾಳಿ ತುಂಬಿದ ಟ್ಯೂಬು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಅವರು. ನಮ್ಮ ಹಿಡಿಕೆಯನ್ನು ಬಹಳ ಹೊತ್ತು ತಿರುವಿ ನೋಡಿದರು. “ನಮಗ ಇದು ಹುಟ್ಟತಾನ ಬಂದೈತ್ರಿ” ಎಂದು ಕಾಲಿನ ಹೆಬ್ಬೆರಳನ್ನು ತೋರಿಸಿದರು. ಗಾಳದ ದಾರವನ್ನು ಅವರು ಅದಕ್ಕೆ ಸುತ್ತಿಕೊಂಡು ಎರಡೂ ಕೈಗಳಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಸಾಗುತ್ತಾರಂತೆ. ಸುತ್ತುವುದು ಮಾತ್ರ, ಎಂದೂ ಗಂಟು ಹಾಕುವುದಿಲ್ಲ.

ಅಳಿಯ ಜಾಕೀಟು ತೊಟ್ಟು ಹೊರಟ. ಕಣ್ಣಿಗೆ ಹಬ್ಬ. ಹಳದಿ ದೋಣಿ, ಮಗ್ಗುಲಲ್ಲಿ ನಿಂತ ಕೋಲು, ಹಿಂದೆ ಕಬ್ಬಿನ ಹಸುರು. ಅರ್ಧ ತಾಸು ಕಳೆದಿರಬೇಕು. ಬಲೆ ಹೆಣೆಯುತ್ತಿದ್ದ ಹಿರಿಯರು ತಲೆ ಎತ್ತಿ, “ಸಾಹೇಬ್ರ, ನಿಮ್ಮ ಹುಡುಗನ ದೋಣಿ ಬಾಲ ಇಳದೈತಿ” ಎಂದರು. ಅವನು ಹಿಂದಕ್ಕೆ ಒರಗಿದ್ದಾನೆ ಎಂದು ನಾವು ಅಂದುಕೊಂಡಿದ್ದೆವು. ಕೂಗಿ ಕರೆದೆವು. ಅವನು ಅವಸರದಿಂದ ತಿರುಗಿಸಹೋದಾಗ ಬಲಗಡೆಯ ಅಲಗು ನಾವು ಚಂದವೆಂದು ಆರಿಸಿದ ಜಾಗದಲ್ಲಿದ್ದ ಹಿಡಿಕೆಗೆ ಬಡಿಯಿತು, ಕೋಲು ಹಾರಿತು, ಅವನು ಕೋಲಿಗೆ ಕೈ ಚಾಚಿದ, ಹುಟ್ಟು ನೀರಿಗೆ ಬಿತ್ತು, ದೋಣಿ ಒಂದು ಮಗ್ಗುಲಿಗೆ ಹೊರಳಿತು. ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಡೆದ ತಾಯಂದಿರಿಗೆ ಇದು ತಿಳಿದ ಸಂಗತಿ. ತುಂಬಿದ ಕೊಡ ಅಲುಗದು. ಅರೆಕೊಡದ ನೀರು ಮಾತ್ರ ನೀವು ಬಲಕ್ಕೆ ವಾಲಿದರೆ ತಾನೂ ಬಲಕ್ಕೆ ಓಡಿ ನಿಮ್ಮನ್ನು ಇನ್ನಷ್ಟು ವಾಲಿಸುತ್ತದೆ. ದೋಣಿಯ ಟೊಳ್ಳಿನಲ್ಲಿ ಸೇರಿದ ನೀರು ಅದನ್ನೇ ಮಾಡುತ್ತಿತ್ತು.

ನಮಗೆ ಈಜು ಬರುತ್ತದೆ. ಕಾಲು ಮಾತ್ರ ದಂಡೆಯಿಂದ ಏಳಲಿಲ್ಲ. ಆ ಹಿರಿಯರು ಟ್ಯೂಬನ್ನು ನೀರಿಗೆ ಹಾಕಿ, ಏನೂ ಅವಸರವಿಲ್ಲದವರಂತೆ ಹೋಗಿ, ತೇಲುತ್ತಿದ್ದ ಹುಟ್ಟನ್ನು ಮೊದಲು ಹಿಡಿದು, ಅದರ ತುದಿಯನ್ನು ಹುಡುಗನಿಗೆ ಕೊಟ್ಟು ಎಳೆದುಕೊಂಡು ಬಂದರು. ಹಿಂದುಗಡೆಯ ಬಿರಡೆ ಬಿಚ್ಚಿ ಓರೆ ಮಾಡಿದಾಗ ದೋಣಿಯಿಂದ ಎರಡು ಕೊಡಕ್ಕೂ ಹೆಚ್ಚು ನೀರು ಸುರಿಯಿತು. “ಅವ್ವಗ ಹೇಳಬ್ಯಾಡ್ರಿ ಮಾಮಾ,” ಎಂದ ಅಳಿಯ. ನಾವು ಆ ರಾತ್ರಿ ಹೇಳಲಿಲ್ಲ. ನಿದ್ದೆ ಬಂದಿದ್ದರೆ ಮರುದಿನವೂ ಹೇಳುತ್ತಿರಲಿಲ್ಲವೇನೋ.

ಬೆಳಿಗ್ಗೆ ಅವನೊಡನೆ ನಾವೂ ಟೆಂಪೋ ಹತ್ತಿ ಇಚಲಕರಂಜಿಗೆ ಹೋಗಿ ಅಕ್ಕನ ಮುಂದೆ ಎಲ್ಲವನ್ನೂ ಹೇಳಿದೆವು. ತಿರುಪು ಆರಿಸಿದವರು ನಾವೇ ಎಂಬುದನ್ನೂ ಹೇಳಿದೆವು. ಬೈಗುಳಕ್ಕೆ ಸಿದ್ಧರಾಗಿ ಕುಳಿತಿದ್ದರೆ ಅಕ್ಕ ಬಹಳ ಹೊತ್ತು ಮಗ್ಗದ ಮನೆಯ ಬಾಗಿಲನ್ನೇ ನೋಡಿದಳು. ಪೂರದ ಕೆಸರಿನ ಗೆರೆ ಆ ಗೋಡೆಯ ಮೇಲೆ ಇನ್ನೂ ಇದೆ. ಆಮೇಲೆ ಮಗನಿಗೆ, “ಇಲ್ಲೇ, ನನ್ನ ಮುಂದ ಅದರಾಗ ಕೂಡು ನೋಡೂಣು,” ಎಂದಳು.

ನಾವು ಮೊದಲ ದಿನ ಮಾಡಬೇಕಾಗಿದ್ದ ಕೆಲಸವೇ ಅದು. ಒಣ ನೆಲದ ಮೇಲೆ ದೋಣಿಯನ್ನಿಟ್ಟು, ಜಾಕೀಟು ತೊಟ್ಟು ಅಳಿಯ ಒಳಗೆ ಕುಳಿತ. ಹುಟ್ಟನ್ನು ನೀರಿನಲ್ಲಿ ಹಾಕುವಂತೆ ಗಾಳಿಯಲ್ಲಿ ಬೀಸಿದ. ಅಕ್ಕ ಸೀಮೆಸುಣ್ಣ ಹಿಡಿದು ಅಲಗು ಹಾಯುವ ಎಡೆಯನ್ನೆಲ್ಲ ಗುರುತು ಹಾಕಿದಳು. ಕೈ ಚಾಚಿದರೆ ಎಟಕುವ ಎಡೆಯನ್ನು ಇನ್ನೊಂದು ಗೆರೆಯಿಂದ ಗುರುತಿಸಿದಳು. ಹಿಡಿಕೆ ಇರಬೇಕಾದದ್ದು ಮೊದಲ ಗೆರೆಯ ಒಳಗೆ, ಎರಡನೆಯ ಗೆರೆಯನ್ನು ದಾಟದಂತೆ. ಆಸನದ ಹಿಂದೆ ಕೂಡಿಸುವವರೂ ಇದ್ದಾರೆ. ಅಲ್ಲಿ ಅಲಗಿಗೆ ತೊಡಕಿಲ್ಲ, ಆದರೆ ಮೀನು ಹಿಡಿದದ್ದು ಕಾಣದು, ತಿರುಗಿ ಕೈ ಚಾಚುವಾಗ ಮೈಯೇ ವಾಲುತ್ತದೆ, ದಂಡೆಯ ಜಾಲಿಯ ಕೊಂಬೆಗೆ ಕೋಲು ಸಿಕ್ಕುತ್ತದೆ. ನಮಗೆ ಒಪ್ಪಿತವಾದದ್ದು ಮೊಳಕಾಲಿನಿಂದ ತುಸು ಮುಂದೆ, ಅಂಚಿನಿಂದ ಒಂದು ಗೇಣು ಒಳಗೆ, ಕೋಲಿನ ತುದಿ ಮುಂದಕ್ಕೂ ಹೊರಕ್ಕೂ ಚಾಚಿ ಕಣ್ಣೆದುರಿಗೇ ಇರುವ ಜಾಗ. ಅಲ್ಲಿಗೆ ಮುಂದಿನ ಮುಚ್ಚಳದ ಮೂಲಕ ಒಳಗಡೆಯಿಂದ ಕೈಯೂ ಹೋಗುತ್ತಿತ್ತು. ಇದು ಬಲು ಮುಖ್ಯ. ಒಳಗೆ ಕೈ ಹೋದರೆ ಕೆಳಗೆ ಯಾವ ಕೊಳವೆಯಿದೆಯೆಂದು ತಡವಿ ನೋಡಬಹುದು, ತಿರುಪಿಗೆ ಬದಲು ಬೋಲ್ಟು ಹಾಕಿ ನಟ್ಟು ಬಿಗಿಯಬಹುದು.

ಬೋಲ್ಟೇ ಏಕೆ? ಗಾಳದ ಕೋಲು ಒಂದು ಸನ್ನೆಗೋಲು. ಏಳಡಿಯ ತುದಿಯಲ್ಲಿ ಮೀನು 2 ಕಿಲೋ ಬಲದಿಂದ ಜಗ್ಗಿದರೆ, ಒಂದು ಗೇಣಿನ ಕೊಳವೆಯ ಅಂಚಿನಲ್ಲಿ ಅದು ಸುಮಾರು ಹತ್ತು ಪಟ್ಟಾಗಿ ಬೀಳುತ್ತದೆ. ತೆಳುತೊಗಲಿನಲ್ಲಿ ಮೂರು ಸುತ್ತು ಹಿಡಿದ ತಿರುಪು ಆ ಹೊರೆಯನ್ನು ತಾಳದು. ಬೋಲ್ಟಿನ ಕೆಳಗೆ ಅಗಲವಾದ ಹಲಗೆಯೊಂದನ್ನು ಕೊಟ್ಟರೆ ಹೊರೆ ಅಂಗೈಯಗಲ ಹರಡುತ್ತದೆ. ಹಲಗೆಗೆ ಏನು ಮಾಡುವುದೆಂದು ನಾವು ಯೋಚಿಸುತ್ತಿರುವಾಗ ಅಕ್ಕ ಅಡಿಗೆಮನೆಗೆ ಹೋಗಿ ಕಾಯಿಪಲ್ಲೆ ಹೆಚ್ಚುವ ದಪ್ಪ ಪ್ಲಾಸ್ಟಿಕ್ಕಿನ ಮಣೆಯನ್ನು ತಂದಳು. ಯಾರೋ ಉಡುಗೊರೆ ಕೊಟ್ಟದ್ದು. ಈಳಿಗೆಯ ಮುಂದೆ ಕುಳಿತವಳಿಗೆ ಅದರ ಗೊಡವೆಯೇ ಇರಲಿಲ್ಲ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬೋಲ್ಟು, ಅಗಲ ವಾಷರು, ರಬ್ಬರಿನ ವಾಷರುಗಳಿಗೆ ಅಳಿಯ ಕೊಲ್ಲಾಪುರದ ಉದ್ಯಮನಗರಕ್ಕೆ ಹೋಗಿಬಂದ.

ನಮ್ಮ ಹಳೆಯ ತೂತುಗಳನ್ನು ಮುಚ್ಚಲು ಅಂಟು ಸಾಲದು. ಪಾಲಿಎಥಿಲೀನಿಗೆ ಯಾವ ಅಂಟೂ ನೆಟ್ಟಗೆ ಹತ್ತುವುದಿಲ್ಲ. ಮೆತ್ತಿದ ಮೇಣ ಬೋಲ್ಟಿನ ಒತ್ತಿನಲ್ಲಿ ನೀರು ತಡೆಯಬಲ್ಲದೇ ಹೊರತು ತಾನಾಗಿ ಹಿಡಿಯಲಾರದು. ಮಕ್ಕಳು ಅದನ್ನು ನೀರಿನ ಟಾಕಿ ಎಂದದ್ದು ಆಗ ನೆನಪಾಯಿತು. ಒಡೆದ ಟಾಕಿಗಳನ್ನು ಬಿಸಿಗಾಳಿಯಿಂದ ಬೆಸೆಯುವವರೊಬ್ಬರು ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಕರಗಿಸಿ ನಾಲ್ಕೂ ತೂತುಗಳನ್ನೂ ಕೊಳವೆಯ ಗಾಯವನ್ನೂ ಮುಚ್ಚಿಕೊಟ್ಟರು.

ಹೊಸ ತೂತುಗಳಿಗೆ ಮೊದಲು ಸಣ್ಣ ಬೈರಿಗೆ, ಆಮೇಲೆ ದೊಡ್ಡದು. ಜಾರದಂತೆ ಮೇಲೆ ಪಟ್ಟಿ ಅಂಟಿಸಿ, ಮೆಲ್ಲಗೆ. ಅಂಚಿನ ಸಿಬಿರನ್ನು ಚಾಕುವಿನಿಂದ ಹೆರೆದು, ಮೇಣ ಹಚ್ಚಿ, ನಟ್ಟನ್ನು ರಬ್ಬರು ತುಸು ಉಬ್ಬುವವರೆಗೆ ಮಾತ್ರ ಬಿಗಿದು, ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಟ್ಟೆವು. ಬಳಿಕ ದೋಣಿಯ ಒಳಕ್ಕೆ ನಾಲ್ಕು ಬಕೆಟ್ ನೀರು ಸುರಿದು ಅತ್ತಿತ್ತ ಹೊರಳಿಸಿ, ಹೊರಗೆ ಎಲ್ಲಿಯಾದರೂ ಜಿನುಗುತ್ತದೆಯೆ ಎಂದು ಬೆರಳಿನಿಂದ ಒರೆಸಿ ನೋಡಿದೆವು. ಹೊಳೆಯಲ್ಲಿ ಮಾಡುವ ಪರೀಕ್ಷೆಯನ್ನು ಅಂಗಳದಲ್ಲಿ ಮಾಡಬಹುದೆಂಬುದು ಇಷ್ಟು ವಯಸ್ಸಾದ ಮೇಲೆ ನಮಗೆ ತಿಳಿಯಿತು. ಕೋಲಿಗೊಂದು, ಹುಟ್ಟಿಗೊಂದು ಗಿಡ್ಡ ದಾರವನ್ನು ದೋಣಿಗೆ ಕಟ್ಟಿದೆವು. ಮೈಗೆ ಮಾತ್ರ ಯಾವ ದಾರವನ್ನೂ ಕಟ್ಟಿಕೊಳ್ಳಬಾರದು. ಆ ಹಿರಿಯರ ಹೆಬ್ಬೆರಳಿನ ನಿಯಮ.

ಮುಂದಿನ ಭಾನುವಾರ ಅಕ್ಕನೂ ಗಡಹಿಂಗ್ಲಜಕ್ಕೆ ಬಂದಳು. ಘಾಟಿನ ಮೇಲಿನ ಮೆಟ್ಟಿಲಲ್ಲಿ, ನೀರಿಗೆ ಆದಷ್ಟು ದೂರ, ಕುಳಿತಳು. ಅಳಿಯ ನಡುನೀರಿಗೆ ಹೋಗಿ ಗಾಳವನ್ನು ಎಸೆದು, ಕೋಲನ್ನು ಹಿಡಿಕೆಯಲ್ಲಿ ನಿಲ್ಲಿಸಿ, ಎರಡೂ ಕೈಗಳಲ್ಲಿ ಹುಟ್ಟು ಹಿಡಿದು ಮೆಲ್ಲಗೆ ಸಾಗಿದ. ಬಹಳ ಹೊತ್ತು ಏನೂ ಇಲ್ಲ. ಒಮ್ಮೆಲೆ ಕೋಲಿನ ತುದಿ ಬಾಗಿತು. ನಾವು ಎದ್ದು ನಿಂತೆವು. ಅವನು ಕೋಲಿಗೆ ಕೈ ಹಾಕಲಿಲ್ಲ. ಎರಡು ಸಲ ಹುಟ್ಟು ಹಾಕಿ ದೋಣಿಯನ್ನು ಜೊಂಡಿನಿಂದ ಆಚೆ ತಂದು, ಹುಟ್ಟನ್ನು ತೊಡೆಯ ಮೇಲೆ ಅಡ್ಡಲಾಗಿಟ್ಟು, ಆಮೇಲೆ ಕೋಲನ್ನು ಎತ್ತಿದ. ಬಂದದ್ದು ಒಂದು ಗೇಣಿನ ಚಿಲಾಪಿ. ನಮ್ಮ ಮನೆಗಳಲ್ಲಿ ಮೀನು ಬೇಯುವುದಿಲ್ಲವಾದ್ದರಿಂದ ಅದು ಟ್ಯೂಬಿನ ಹಿರಿಯರ ಬುಟ್ಟಿಗೆ ಹೋಯಿತು. “ತಿನ್ನಾಕಲ್ಲಂದ್ರ ಹಿಡಿಯೂದ್ಯಾಕ?” ಎಂದು ಅಕ್ಕ ಕೇಳಿದ್ದಕ್ಕೆ ಅಳಿಯನ ಬಳಿಯಲ್ಲಿ ಉತ್ತರವಿರಲಿಲ್ಲ, ನಮ್ಮ ಬಳಿಯಲ್ಲಿಯೂ ಇರಲಿಲ್ಲ. ಹಿರಿಯರು ನಕ್ಕು, “ಹಿಡೀಲಿ ಬಿಡ್ರಿ ಅಕ್ಕಾರ, ನನಗ ಚಲೋನ ಆತು” ಎಂದರು.

ಬಿಸಿಲೇರಿತು. ಹೊರಡೋಣವೆಂದು ದೋಣಿಯನ್ನು ದಂಡೆಗೆ ಎಳೆಯುತ್ತಿರುವಾಗ ಅಕ್ಕ ಮೆಟ್ಟಿಲಿಳಿದು ಬಂದು ಮಗನ ಜಾಕೀಟನ್ನು ಕೇಳಿದಳು. ಅದನ್ನು ಸೀರೆಯ ಮೇಲೆ ತೊಟ್ಟು, ಸೆರಗು ಸಿಕ್ಕಿಸಿ, ಮೊಳಕಾಲು ನೀರಿನಲ್ಲಿ ನಿಂತ ದೋಣಿಯೊಳಗೆ ಕುಳಿತಳು. ಮಗ ಹಿಂದಿನಿಂದ ದೋಣಿಯನ್ನು ಹಿಡಿದಿದ್ದ. ಮೊದಲು ಅವಳ ಎರಡೂ ಕೈಗಳು ದೋಣಿಯ ಎರಡು ಅಂಚುಗಳನ್ನು ಬಲವಾಗಿ ಹಿಡಿದಿದ್ದುವು. ಸ್ವಲ್ಪ ಹೊತ್ತಾದ ಮೇಲೆ, “ಆ ಹುಟ್ಟು ಕೊಡು ಇಲ್ಲೆ” ಎಂದಳು.